ಜೀವಶಾಸ್ತ್ರವನ್ನು ತರ್ಕಕ್ಕೆ ಇಳಿಸಿದರೆ ಎಲ್ಲವೂ ಕೆಂಪಾಗುತ್ತದೆ, ಏನು ಮಾಡಲಿ?

ಓದುಗರ ಪ್ರಶ್ನೆ

ಮೇಡಂ, ನಮಸ್ಕಾರ. ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ಈಗ ಹೆಬ್ಬಾಳದ ಹತ್ತಿರ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ರಾಗಿ ಮತ್ತು ಭತ್ತದ ರೋಗಗಳ ಬಗ್ಗೆ ಬಂದ ಪೇಪರ್‌ಗಳನ್ನು ಓದಿ, ಅದರಲ್ಲಿರುವ ವಿಷಯವನ್ನು ಕಂಪ್ಯೂಟರ್ ತರ್ಕ ಮಾಡುವ ಹಾಗೆ ಆಂಟಾಲಜಿ (ಯಾವುದು ಯಾವುದರ ಬಗೆ, ಯಾವುದು ಯಾವುದರ ಭಾಗ ಎಂಬಂಥ ನಿಖರ ವಾಕ್ಯಗಳ ಸಂಗ್ರಹ) ರೂಪದಲ್ಲಿ ಬರೆಯುವುದು ನನ್ನ ಕೆಲಸ. ಎಂಟು ತಿಂಗಳಲ್ಲಿ ಸುಮಾರು 3,000 ಹೇಳಿಕೆ ಬರೆದೆ. ಹೋದ ವಾರ ಗಿಡದ ಅಂಗಗಳ ಭಾಗವನ್ನು ಸೇರಿಸಿ, ಈ ವಾಕ್ಯಗಳ ಮೇಲೆ ತರ್ಕ ಮಾಡುವ ರೀಸನರ್ ಎಂಬ ತಂತ್ರಾಂಶ ಓಡಿಸಿದೆ. 400ಕ್ಕಿಂತ ಜಾಸ್ತಿ ಹೆಸರುಗಳು ಕೆಂಪಾಗಿಬಿಟ್ಟವು. ಬೇರು, ಕಾಂಡ, ಎಲೆ, ಕೊನೆಗೆ ‘ರಾಗಿ ಗಿಡ’ ಕೂಡ! ಹೊಸದಾಗಿ ಸೇರಿಸಿದ್ದರಲ್ಲಿ ‘ಪ್ರತಿ ಸಸ್ಯಕೋಶಕ್ಕೂ ಕೋಶಕೇಂದ್ರ ಇದೆ’, ‘ಬಲಿತ ಜರಡಿ ನಾಳದ ಕೋಶಕ್ಕೆ ಕೋಶಕೇಂದ್ರ ಇಲ್ಲ’ ಎಂಬ ವಾಕ್ಯಗಳಿವೆ. ಎರಡೂ ಪಠ್ಯಪುಸ್ತಕದಲ್ಲೇ ಇರುವಂಥವು.

ಇನ್ನೊಂದು ತೊಂದರೆ. ಬೆಂಕಿ ರೋಗ ಎಂದರೆ ಭತ್ತ, ರಾಗಿಗೆ ಬರುವ ಶಿಲೀಂಧ್ರ ರೋಗ. ‘ಬೆಂಕಿ ರೋಗಕ್ಕೆ ಸಂಬಂಧವಿಲ್ಲದ ಜೀನ್‌ಗಳು ಯಾವುವು’ ಎಂದು ಕೇಳಿದರೆ ಉತ್ತರ ಖಾಲಿ ಬರುತ್ತದೆ. ಒಂದು ತಳಿಯನ್ನು ಒಂದು ಪೇಪರ್ ‘ನಿರೋಧಕ’ ಅನ್ನುತ್ತದೆ, ಇನ್ನೊಂದು ಪೇಪರ್ ಅದೇ ತಳಿಯಲ್ಲಿ ರೋಗ ಕಂಡೆವು ಅನ್ನುತ್ತದೆ. ಎರಡನ್ನೂ ಬರೆದರೆ ಮತ್ತೆ ವಿರೋಧ. ಮ್ಯಾನೇಜರ್ ‘ಇದೆಲ್ಲ ಬಿಡಿ, ಚಾಟ್‌ಬಾಟ್‌ಗೆ ಪೇಪರ್ ಕೊಟ್ಟು ಕೇಳೋಣ’ ಎನ್ನುತ್ತಿದ್ದಾರೆ. ನಮ್ಮ ಅಪ್ಪ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವರು. ‘ಜೀವ ಅನ್ನೋದು ನಿಯಮಕ್ಕೆ ಸಿಗೋದಲ್ಲಮ್ಮ’ ಎನ್ನುತ್ತಾರೆ. ಮುಂದುವರಿಸಲೋ ಬೇಡವೋ ಗೊತ್ತಾಗುತ್ತಿಲ್ಲ.

ಉತ್ತರ

ಮೊದಲು ಸಮಾಧಾನದ ಮಾತು. ನಿಮ್ಮ ಎಂಟು ತಿಂಗಳ ಕೆಲಸ ಹಾಳಾಗಿಲ್ಲ. 400 ಹೆಸರು ಕೆಂಪಾದರೆ 400 ತಪ್ಪು ಮಾಡಿದ್ದೀರಿ ಎಂದಲ್ಲ. ನೀವು ಬರೆದಿರುವುದನ್ನು ನೋಡಿದರೆ ತಪ್ಪು ಒಂದೇ ಇರುವ ಹಾಗಿದೆ.

ರೀಸನರ್ ಒಂದು ಹೆಸರನ್ನು ಕೆಂಪು ಮಾಡಿದರೆ ಅದರ ಅರ್ಥ ಇಷ್ಟು: ನೀವು ಬರೆದ ವಾಕ್ಯಗಳೆಲ್ಲ ನಿಜವಾದರೆ, ಈ ಹೆಸರಿನ ಒಂದು ವಸ್ತುವೂ ಎಲ್ಲೂ ಇರಲಾರದು. ಈಗ ನಿಮ್ಮ ಎರಡು ವಾಕ್ಯ ಅಕ್ಕಪಕ್ಕ ಇಟ್ಟು ನೋಡಿ. ಪ್ರತಿ ಸಸ್ಯಕೋಶಕ್ಕೂ ಕೋಶಕೇಂದ್ರ ಇದೆ. ಜರಡಿ ನಾಳದ ಕೋಶವೂ ಸಸ್ಯಕೋಶವೇ, ಆದರೆ ಅದಕ್ಕೆ ಕೋಶಕೇಂದ್ರ ಇಲ್ಲ. ಹಾಗಾದರೆ ಅಂಥ ಕೋಶ ಇರಲು ಸಾಧ್ಯವಿಲ್ಲ. ಅದು ಕೆಂಪು. ಫ್ಲೋಯಂ (ಗಿಡದಲ್ಲಿ ಆಹಾರ ಸಾಗಿಸುವ ಅಂಗಾಂಶ) ಅಂದರೆ ಜರಡಿ ನಾಳ ಇರಲೇಬೇಕು ಎಂದೂ ಬರೆದಿರುತ್ತೀರಿ. ಇರಲಾಗದ ವಸ್ತುವನ್ನು ಒಳಗಿಟ್ಟುಕೊಂಡ ಫ್ಲೋಯಂ ಕೂಡ ಇರಲಾರದು. ಅದೂ ಕೆಂಪು. ಕಾಂಡದಲ್ಲಿ, ಬೇರಿನಲ್ಲಿ, ಎಲೆಯಲ್ಲಿ ಫ್ಲೋಯಂ ಇದೆ. ಅವೂ ಕೆಂಪು. ರಾಗಿ ಗಿಡಕ್ಕೆ ಬೇರು, ಕಾಂಡ ಇದೆ. ಮುಗಿಯಿತು, ಒಂದು ವಾಕ್ಯದಿಂದ ಇಡೀ ಗಿಡ ಹೋಯಿತು. ರೀಸನರ್ ಇಲ್ಲಿ ಕೆಟ್ಟಿಲ್ಲ. ನೀವು ಹೇಳಿದ್ದನ್ನು ಅದು ಚಾಚೂ ತಪ್ಪದೆ ಪಾಲಿಸಿದೆ.

ಜನ ಸಾಮಾನ್ಯವಾಗಿ ತಪ್ಪು ತಿಳಿಯುವುದು ಇಲ್ಲೇ. ರೀಸನರ್ ಸತ್ಯ ಹೇಳುತ್ತದೆ ಎಂದುಕೊಳ್ಳುತ್ತಾರೆ. ಇಲ್ಲ. ನೀವು ಒಪ್ಪಿಕೊಂಡ ಮಾತಿನಿಂದ ಇನ್ನೇನನ್ನು ಒಪ್ಪಿಕೊಳ್ಳಲೇಬೇಕಾಗುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ.

ಹಾಗಾದರೆ ಪಠ್ಯಪುಸ್ತಕ ಸುಳ್ಳು ಹೇಳಿತಾ? ಅದೂ ಇಲ್ಲ. ನಮ್ಮ ಮಾತಿನ ರೀತಿ ಗಮನಿಸಿ. ಪುಸ್ತಕದಲ್ಲಿ ‘ಜೀವಕೋಶಕ್ಕೆ ಕೋಶಕೇಂದ್ರ ಇರುತ್ತದೆ’ ಎಂದಿರುತ್ತದೆ. ‘ನಾಯಿಗೆ ನಾಲ್ಕು ಕಾಲು ಇರುತ್ತವೆ’ ಅನ್ನುತ್ತೇವಲ್ಲ, ಹಾಗೆ. ಬೀದಿಯಲ್ಲಿ ಮೂರು ಕಾಲಿನ ನಾಯಿ ಕಂಡರೆ ಅದು ನಾಯಿಯಲ್ಲ ಎಂದು ಯಾರೂ ವಾದ ಮಾಡುವುದಿಲ್ಲ. ಆ ‘ಇರುತ್ತದೆ’ಯಲ್ಲಿ ‘ಸಾಮಾನ್ಯವಾಗಿ’ ಎಂಬುದು ಅಡಗಿದೆ. ಓದುವವರಿಗೆ ಅದು ತಾನಾಗಿ ಗೊತ್ತಾಗುತ್ತದೆ. ಆಂಟಾಲಜಿ ಬರೆಯುವ ಔಲ್ ಭಾಷೆಯಲ್ಲಿ ಇಂಥ ‘ಇರುತ್ತದೆ’ ಇಲ್ಲವೇ ಇಲ್ಲ. ಅಲ್ಲಿರುವುದು ‘ಪ್ರತಿಯೊಂದಕ್ಕೂ ಇದೆ, ಒಂದೂ ತಪ್ಪದೆ’ ಮಾತ್ರ. ನೀವು ‘ಇರುತ್ತದೆ’ಯನ್ನು ಓದಿ ‘ಪ್ರತಿಯೊಂದಕ್ಕೂ ಇದೆ’ ಎಂದು ಬರೆದಿರಿ. ಈ ಕೆಲಸದಲ್ಲಿ ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಈ ಜಾತಿಯವೇ. ನನ್ನ ಮೊದಲ ವರ್ಷದ ಕೆಲಸದಲ್ಲೂ ಇದ್ದದ್ದು ಇದೇ. ನಾನು ಬರೆಯುತ್ತಿದ್ದದ್ದು ರಕ್ತದ ಬಗ್ಗೆ. ಮನುಷ್ಯರ ಬಲಿತ ಕೆಂಪು ರಕ್ತಕಣಕ್ಕೂ ಕೋಶಕೇಂದ್ರ ಇಲ್ಲವಲ್ಲ!

ಸರಿ ಮಾಡುವ ದಾರಿ ಇದೆ. ‘ಸಸ್ಯಕೋಶ’ದ ಮೇಲಿನ ಆ ವಾಕ್ಯ ತೆಗೆಯಿರಿ. ‘ಕೋಶಕೇಂದ್ರ ಇರುವ ಕೋಶ’ ಎಂದು ಬೇರೆ ಗುಂಪು ಮಾಡಿ, ಯಾವುದಕ್ಕೆ ಖಂಡಿತ ಇದೆಯೋ ಅದನ್ನು ಅಲ್ಲಿಗೆ ಸೇರಿಸಿ. ಜೀವಕೋಶಗಳಿಗಾಗಿಯೇ ಇರುವ ಸೆಲ್ ಆಂಟಾಲಜಿಯಲ್ಲೂ ಕೋಶಕೇಂದ್ರ ಇರುವ ಕೋಶ, ಇಲ್ಲದ ಕೋಶ ಎಂದು ಎರಡು ಗುಂಪು ಇಟ್ಟಿದ್ದಾರೆ. ಇದರ ಜೊತೆ ಇನ್ನೊಂದು ಸೂಕ್ಷ್ಮ ಇದೆ. ಜರಡಿ ನಾಳದ ಕೋಶಕ್ಕೆ ಎಳೆಯದರಲ್ಲಿ ಕೋಶಕೇಂದ್ರ ಇರುತ್ತದೆ, ಬಲಿಯುವಾಗ ಕಳೆದುಕೊಳ್ಳುತ್ತದೆ. ನೀವು ‘ಬಲಿತ’ ಎಂದು ಬರೆದಿದ್ದೀರಿ, ಒಳ್ಳೆಯದಾಯಿತು. ಜೀವಿಯ ವಿಷಯದಲ್ಲಿ ಯಾವ ಹಂತ ಎನ್ನುವುದನ್ನು ಬಿಟ್ಟರೆ ಅರ್ಧ ವಿರೋಧಗಳು ಅಲ್ಲೇ ಹುಟ್ಟುತ್ತವೆ.

ಹಾಗೇ ‘ಭಾಗ’ ಎಂಬ ಮಾತಿನ ಬಗ್ಗೆಯೂ ಹೇಳಿಬಿಡುತ್ತೇನೆ. ‘ಪ್ರತಿ ಕೋಶಕೇಂದ್ರವೂ ಯಾವುದೋ ಒಂದು ಕೋಶದ ಭಾಗ’ ಎಂದು ಬರೆಯಬಹುದು. ಅದನ್ನು ತಿರುಗಿಸಿ ‘ಪ್ರತಿ ಕೋಶಕ್ಕೂ ಕೋಶಕೇಂದ್ರ ಭಾಗವಾಗಿ ಇದೆ’ ಎಂದು ಬರೆಯುವ ಹಾಗಿಲ್ಲ. ಎರಡೂ ಒಂದೇ ಮಾತು ಎಂದು ಅನಿಸುತ್ತದೆ, ಆದರೆ ಬೇರೆ ಬೇರೆ. ಇನ್ನು, ಭಾಗಕ್ಕೆ ಆದದ್ದು ಇಡೀ ವಸ್ತುವಿಗೆ ಆಯಿತಾ ಎಂಬ ಪ್ರಶ್ನೆ. ಎಲೆಗೆ ರೋಗ ಬಂದರೆ ಗಿಡಕ್ಕೆ ರೋಗ ಬಂತು ಎನ್ನಬಹುದು. ಎಲೆ ಕಿತ್ತರೆ ಗಿಡ ಕಿತ್ತೆ ಎನ್ನಲಾಗದು. ಸುಲಭದ ವಿಷಯ ಎನಿಸುತ್ತದೆ, ಅಲ್ವಾ? ಆದರೆ ಹಲವು ದೇಶಗಳ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಸ್ನೋಮೆಡ್ ಸಿಟಿ ಎಂಬ ದೊಡ್ಡ ವೈದ್ಯಕೀಯ ಪದಕೋಶದಲ್ಲೇ ಹಿಂದೊಮ್ಮೆ ‘ಬೆರಳು ಕತ್ತರಿಸುವುದು’ ಎಂಬುದು ‘ಕೈ ಕತ್ತರಿಸುವುದರ’ ಒಂದು ಬಗೆ ಎಂಬ ತೀರ್ಮಾನ ಹೊರಟಿತ್ತು. ದೇಹದ ಭಾಗಗಳನ್ನು ಬರೆದಿದ್ದ ರೀತಿಯೇ ಕಾರಣ. ರೀಸನರ್ ಓಡಿಸಿ, ಯಾವ ವಾಕ್ಯಗಳಿಂದ ಇದು ಬಂತು ಎಂದು ಹಿಂದಕ್ಕೆ ಹುಡುಕಿದಾಗ ಮೂಲ ಸಿಕ್ಕಿತು. ದೊಡ್ಡವರಿಗೂ ಇದು ಆಗುತ್ತದೆ. ಹುಡುಕಿ ಸರಿಪಡಿಸಲು ಆಗುತ್ತದೆ ಎನ್ನುವುದೇ ತರ್ಕದ ದಾರಿಯ ದೊಡ್ಡ ಅನುಕೂಲ.

ಈಗ ಅಪ್ಪನವರ ಮಾತು. ಮೂವತ್ತು ವರ್ಷ ಪಾಠ ಮಾಡಿದವರ ಮಾತನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಜೀವಶಾಸ್ತ್ರವನ್ನು ರೇಖಾಗಣಿತದ ಹಾಗೆ ಮೂಲ ಸೂತ್ರಗಳಿಂದ ಕಟ್ಟಬೇಕೆಂದು ಬ್ರಿಟನ್ನಿನ ಜೋಸೆಫ್ ಹೆನ್ರಿ ವುಡ್ಜರ್ 1937ರಲ್ಲೇ ಒಂದು ಪುಸ್ತಕ ಬರೆದರು. ಹೆಚ್ಚಿನ ಜೀವಶಾಸ್ತ್ರಜ್ಞರು ಆ ದಾರಿಯಲ್ಲಿ ನಡೆಯಲಿಲ್ಲ. ಇಡೀ ಜೀವಶಾಸ್ತ್ರವನ್ನು ಹಾಗೆ ಹಿಡಿಯಲು ಹೋದರೆ ಅಪ್ಪ ಹೇಳಿದ್ದೇ ಸರಿ. ಆದರೆ ಒಂದು ಸಣ್ಣ ಭಾಗವನ್ನು ಗಟ್ಟಿಯಾಗಿ ಹಿಡಿದರೆ ಫಲ ಸಿಗುತ್ತದೆ. ನೊಣ, ಯೀಸ್ಟ್, ಇಲಿ ಈ ಮೂರರ ಮಾಹಿತಿ ಇಟ್ಟುಕೊಂಡಿದ್ದ ತಂಡಗಳು 1998ರಲ್ಲಿ ಸೇರಿ ಜೀನ್ ಆಂಟಾಲಜಿ ಶುರು ಮಾಡಿದವು. ಜೀನ್ ಮಾಡುವ ಕೆಲಸ, ಅದು ಸೇರುವ ಪ್ರಕ್ರಿಯೆ, ಕೋಶದಲ್ಲಿ ಅದರ ಜಾಗ, ಇಷ್ಟೇ ವಿಷಯ. ಇವತ್ತು ಜೀನ್ ಪಟ್ಟಿ ಹಿಡಿದು ಕೆಲಸ ಮಾಡುವವರು ಅದನ್ನು ಮುಟ್ಟದೆ ಇರುವುದೇ ಅಪರೂಪ. ವೇಲ್ಸ್‌ನ ಅಬರಿಸ್ಟ್‌ವಿತ್‌ನಲ್ಲಿ ರಾಸ್ ಕಿಂಗ್ ತಂಡ ಕಟ್ಟಿದ ‘ಆಡಂ’ ಎಂಬ ರೋಬೋ ಯೀಸ್ಟ್‌ನ ಚಯಾಪಚಯವನ್ನು ತರ್ಕದ ರೂಪದಲ್ಲಿ ಇಟ್ಟುಕೊಂಡಿತ್ತು. ಯಾವ ಜೀನ್ ಯಾವ ಕಿಣ್ವಕ್ಕೆ ಎಂದು ತಾನೇ ಊಹೆ ಮಾಡಿ, ತಾನೇ ಪ್ರಯೋಗ ಮಾಡಿ ಹೊಸ ವಿಷಯ ಕಂಡುಹಿಡಿಯಿತು. ಅದು 2009ರಲ್ಲಿ ಪ್ರಕಟವಾಯಿತು. ಯೀಸ್ಟ್, ಅದರಲ್ಲೂ ಚಯಾಪಚಯ ಮಾತ್ರ. ಅಷ್ಟು ಕಡಿಮೆ ಜಾಗ ಆರಿಸಿಕೊಂಡಿದ್ದರಿಂದಲೇ ಅದು ಸಾಧ್ಯವಾಯಿತು.

ನಿಮ್ಮ ಖಾಲಿ ಉತ್ತರದ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಮೆಜೆಸ್ಟಿಕ್ ಬಸ್ ನಿಲ್ದಾಣದ ವೇಳಾಪಟ್ಟಿಯಲ್ಲಿ ರಾತ್ರಿ ಹನ್ನೆರಡಕ್ಕೆ ನಿಮ್ಮ ಏರಿಯಾಗೆ ಬಸ್ ಬರೆದಿಲ್ಲ ಎಂದರೆ ಬಸ್ ಇಲ್ಲ. ಆ ಪಟ್ಟಿ ಪೂರ್ತಿ ಎಂದು ನಾವು ಒಪ್ಪಿಕೊಂಡಿದ್ದೇವೆ. ಹೆಬ್ಬಾಳ ಕೆರೆಯ ದಡದಲ್ಲಿ ಒಬ್ಬರು ಬೆಳಿಗ್ಗೆ ಹಕ್ಕಿಗಳ ಪಟ್ಟಿ ಮಾಡುತ್ತಾರೆ ಎಂದುಕೊಳ್ಳಿ. ಹೆಜ್ಜಾರ್ಲೆ ಬರೆದಿದ್ದಾರೆ, ಮಿಂಚುಳ್ಳಿ ಬರೆದಿಲ್ಲ. ಕೆರೆಯಲ್ಲಿ ಮಿಂಚುಳ್ಳಿ ಇಲ್ಲ ಎನ್ನಬಹುದಾ? ಅವರಿಗೆ ಕಾಣಲಿಲ್ಲ ಅಷ್ಟೇ. ಔಲ್ ನಿಮ್ಮ ಜ್ಞಾನವನ್ನು ಹಕ್ಕಿ ಪಟ್ಟಿಯಂತೆ ನೋಡುತ್ತದೆ. ‘ಈ ಜೀನ್‌ಗೆ ಬೆಂಕಿ ರೋಗದ ಸಂಬಂಧ ಇದೆ’ ಎಂದು ನೀವು ಬರೆಯದಿದ್ದರೆ, ಸಂಬಂಧ ಇಲ್ಲ ಎಂದು ಅದು ಎಂದಿಗೂ ಹೇಳುವುದಿಲ್ಲ. ಗೊತ್ತಿಲ್ಲ ಎಂದು ಸುಮ್ಮನಿರುತ್ತದೆ. ಅದಕ್ಕೇ ಖಾಲಿ. ಪ್ರೊಲಾಗ್‌ನಂಥ ತರ್ಕದ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದರೆ ಅದು ಬಸ್ ಪಟ್ಟಿಯಂತೆ ನೋಡುತ್ತಿತ್ತು. ಬರೆಯದ್ದೆಲ್ಲ ‘ಇಲ್ಲ’ ಆಗಿ, ಸಾವಿರಾರು ಜೀನ್‌ಗಳ ಉದ್ದ ಪಟ್ಟಿ ಬರುತ್ತಿತ್ತು. ನೋಡಲು ಚೆನ್ನಾಗಿರುತ್ತದೆ. ಅಪಾಯ ಇರುವುದೂ ಅಲ್ಲೇ. ಹಿಂದೆ ನಾನಿದ್ದ ಒಂದು ತಂಡದಲ್ಲಿ ಖಾಲಿ ಜಾಗವನ್ನು ‘ಇಲ್ಲ’ ಎಂದು ಓದಿಕೊಂಡು ಕೆಲವು ಜೀನ್‌ಗಳನ್ನು ಪಟ್ಟಿಯಿಂದ ಕೈಬಿಟ್ಟೆವು. ಅವುಗಳ ಮೇಲೆ ಯಾರೂ ಪ್ರಯೋಗವನ್ನೇ ಮಾಡಿರಲಿಲ್ಲ ಎಂದು ತಿಳಿದದ್ದು ಮೂರು ತಿಂಗಳಾದ ಮೇಲೆ. ಆ ಮೂರು ತಿಂಗಳ ಲ್ಯಾಬ್ ಕೆಲಸವನ್ನು ಪೂರ್ತಿ ಮತ್ತೆ ಮಾಡಬೇಕಾಯಿತು.

ಆದ್ದರಿಂದ ‘ಇಲ್ಲ’ ಎನ್ನುವುದನ್ನು ಬಿಡಿಸಿ ಬರೆಯಿರಿ. ಪ್ರಯೋಗ ಮಾಡಿ ಇಲ್ಲ ಎಂದು ಕಂಡದ್ದು ಒಂದು. ಹುಡುಕಿದೆವು, ಯಾವ ಮಾಹಿತಿಯೂ ಸಿಗಲಿಲ್ಲ ಎನ್ನುವುದು ಇನ್ನೊಂದು. ಇನ್ನೂ ಯಾರೂ ನೋಡಿಲ್ಲ ಎನ್ನುವುದು ಮತ್ತೊಂದು. ಜೀನ್ ಆಂಟಾಲಜಿಯಲ್ಲಿ ಇದಕ್ಕೆ ವ್ಯವಸ್ಥೆ ಇದೆ. ಪ್ರಯೋಗದಿಂದ ‘ಅಲ್ಲ’ ಎಂದು ಗೊತ್ತಾದರೆ ಹಾಗೆಂದೇ ಗುರುತು ಹಾಕುತ್ತಾರೆ. ಹುಡುಕಿಯೂ ಏನೂ ಸಿಗದಿದ್ದರೆ ಅದಕ್ಕೆ ಬೇರೆ ಸಂಕೇತ ಇದೆ. ಪ್ರತಿ ಹೇಳಿಕೆಯ ಜೊತೆ ಅದು ನೇರ ಪ್ರಯೋಗದಿಂದ ಬಂತಾ, ಕಂಪ್ಯೂಟರ್ ಊಹೆಯಾ ಎಂಬ ಗುರುತೂ ಇರುತ್ತದೆ. ನಿಮ್ಮ 3,000 ಹೇಳಿಕೆಗಳಲ್ಲಿ ಯಾವ ಪೇಪರಿನಿಂದ, ಯಾವ ಬಗೆಯ ಸಾಕ್ಷಿಯಿಂದ ಬಂತು ಎಂಬುದು ಎಷ್ಟಕ್ಕೆ ಇದೆ? ಇಲ್ಲದಿದ್ದರೆ ಹೊಸದು ಬರೆಯುವುದನ್ನು ನಿಲ್ಲಿಸಿ ಮೊದಲು ಅದನ್ನು ಸೇರಿಸಿ. ಬೇಸರದ ಕೆಲಸ, ನಿಜ. ಈಗ ಮಾಡದಿದ್ದರೆ ಆಮೇಲೆ ಆಗುವುದಿಲ್ಲ.

ನಿರೋಧಕ ತಳಿಯ ಗೋಜಲು ನನಗೆ ತುಂಬ ಇಷ್ಟವಾದ ಪ್ರಶ್ನೆ. ಅಲ್ಲಿ ಎರಡು ಪೇಪರ್‌ಗಳೂ ಸರಿ ಇರಬಹುದು. ತಪ್ಪು ‘ನಿರೋಧಕ’ ಎಂಬ ಪದವನ್ನು ತಳಿಯ ಮೈಬಣ್ಣದ ಹಾಗೆ ಬರೆದದ್ದರಲ್ಲಿದೆ. ನಿರೋಧಕತೆ ತಳಿಯೊಳಗೆ ಮಾತ್ರ ಕೂತಿರುವ ಗುಣವಲ್ಲ. ಅಗಸೆ ಗಿಡ ಮತ್ತು ಅದರ ತುಕ್ಕು ರೋಗದ ಮೇಲೆ ಹೆರಾಲ್ಡ್ ಫ್ಲೋರ್ 1940ರ ದಶಕದಲ್ಲಿ ಮಾಡಿದ ಕೆಲಸದಿಂದಲೇ ಇದು ತಿಳಿದಿದೆ. ಗಿಡದ ಒಂದು ಜೀನ್, ಶಿಲೀಂಧ್ರದ ಒಂದು ಜೀನ್, ಇವೆರಡೂ ಹೊಂದಿದರೆ ಮಾತ್ರ ಗಿಡ ಶತ್ರುವನ್ನು ಗುರುತು ಹಿಡಿಯುತ್ತದೆ. ಭತ್ತದ ಬೆಂಕಿ ರೋಗದಲ್ಲಿ ಪೈ-ಟಾ ಎಂಬ ಜೀನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಪ್ರೋಟೀನಿನಲ್ಲಿ 918ನೇ ಜಾಗದಲ್ಲಿ ಅಲನಿನ್ ಎಂಬ ಅಮೈನೋ ಆಮ್ಲ ಇದ್ದರೆ ಗಿಡ ನಿರೋಧಕ, ಸೆರಿನ್ ಇದ್ದರೆ ರೋಗಕ್ಕೆ ತುತ್ತು. ಅಲನಿನ್ ಇದ್ದರೂ, ಎದುರಿಗೆ ಬಂದ ಶಿಲೀಂಧ್ರದಲ್ಲಿ ಅದಕ್ಕೆ ಹೊಂದುವ ಪ್ರೋಟೀನ್ ಬದಲಾಗಿದ್ದರೆ ನಿರೋಧಕತೆ ಕೆಲಸ ಮಾಡದು. ಇದರ ಮೇಲೆ ಹವೆ ಬೇರೆ. ಎಲೆ ಜಾಸ್ತಿ ಹೊತ್ತು ಒದ್ದೆಯಾಗಿದ್ದರೆ, ಯೂರಿಯಾ ಹೆಚ್ಚಾದರೆ ಬೆಂಕಿ ರೋಗ ಜೋರಾಗುತ್ತದೆ ಎಂದು ನಮ್ಮ ರೈತರಿಗೂ ಗೊತ್ತು.

ಔಲ್‌ನಲ್ಲಿ ಒಂದು ಸಂಬಂಧಕ್ಕೆ ಎರಡೇ ತುದಿ. ನಮ್ಮ ವಿಷಯಕ್ಕೆ ನಾಲ್ಕೈದು ತುದಿ ಬೇಕು. ಹಾಗಾಗಿ ‘ವೀಕ್ಷಣೆ’ಯನ್ನೇ ಒಂದು ವಸ್ತು ಮಾಡಿ. ಈ ತಳಿ, ಶಿಲೀಂಧ್ರದ ಈ ಸ್ಟ್ರೇನ್ (ಉಪಬಗೆ), ಬೆಳೆಯ ಈ ಹಂತ, ಈ ಜಾಗ, ರೋಗದ ಮಟ್ಟ ಇಷ್ಟು, ಪೇಪರ್ ಇದು ಎಂದು ಅದಕ್ಕೆ ಕಟ್ಟಿ. ಆಗ ಎರಡು ಪೇಪರ್ ಎರಡು ವೀಕ್ಷಣೆಗಳಾಗುತ್ತವೆ. ಜಗಳವೇ ಇರುವುದಿಲ್ಲ. ಜೊತೆಗೆ ‘ಒಂದೇ ತಳಿ ಎಲ್ಲಿ ತಡೆದುಕೊಂಡಿತು, ಎಲ್ಲಿ ಸೋತಿತು’ ಎಂದು ಕೇಳಬಹುದು. ತಳಿ ಬೆಳೆಸುವವರಿಗೆ ಬೇಕಾಗಿರುವುದು ಆ ಉತ್ತರವೇ. ಬೆಲೆ ಏನೆಂದರೆ ಬರೆಯುವ ಕೆಲಸ ಎರಡು ಮೂರು ಪಟ್ಟು ಆಗುತ್ತದೆ.

ರಾಗಿಯ ವಿಷಯದಲ್ಲಿ ಇನ್ನೂ ಎರಡು ಎಚ್ಚರಿಕೆ. ಭತ್ತಕ್ಕೆ ಬರುವ ಬೆಂಕಿ ರೋಗದ ಶಿಲೀಂಧ್ರವೂ ರಾಗಿಗೆ ಬರುವುದೂ ಹತ್ತಿರದ ನೆಂಟರು, ಆದರೆ ಒಂದೊಂದು ಬೆಳೆಗೆ ಒಗ್ಗಿಕೊಂಡ ಬೇರೆ ಬೇರೆ ಗುಂಪುಗಳು. ಭತ್ತದಲ್ಲಿ ಕಂಡದ್ದನ್ನು ಹಾಗೇ ರಾಗಿಗೆ ಎಳೆಯುವ ನಿಯಮ ಬರೆಯಬೇಡಿ. ಎರಡನೆಯದು, ರಾಗಿಯಲ್ಲಿ ಎರಡು ಪೂರ್ವಜರಿಂದ ಬಂದ ಎರಡು ಜೀನೋಮ್‌ಗಳಿವೆ, ಒಟ್ಟು 36 ಕ್ರೋಮೋಸೋಮ್. ನಮ್ಮ ಜಿಕೆವಿಕೆ, ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು, ಎಂಎಲ್-365 ತಳಿಯ ಜೀನೋಮ್ ಕರಡನ್ನು 2017ರಲ್ಲಿ ಪ್ರಕಟಿಸಿದರು. ‘ರಾಗಿಯ ಆ ಜೀನ್’ ಎಂದು ಬರೆಯುವಾಗ ಎರಡರಲ್ಲಿ ಯಾವ ಪ್ರತಿ ಎಂದು ಹೇಳಲೇಬೇಕು. ಹೆಸರು ನಂಬದೆ ಗುರುತಿನ ಸಂಖ್ಯೆ ಹಾಕಿ. ಎಕ್ಸೆಲ್ ದಿನಾಂಕ ಎಂದುಕೊಂಡು ಕೆಡಿಸುತ್ತದೆ ಎಂದು ಮನುಷ್ಯರ ಕೆಲವು ಜೀನ್‌ಗಳ ಹೆಸರನ್ನೇ 2020ರಲ್ಲಿ ಬದಲಾಯಿಸಬೇಕಾಯಿತು. ಹೆಸರು ಅಷ್ಟು ದುರ್ಬಲ.

ಇನ್ನು ಮ್ಯಾನೇಜರ್ ಹೇಳಿದ ಚಾಟ್‌ಬಾಟ್. ಅವರ ಮಾತಿನಲ್ಲಿ ಅರ್ಥವಿದೆ, ಅದನ್ನು ಒಪ್ಪಿಕೊಂಡೇ ಮಾತಾಡಿ. 2003ರಲ್ಲಿ ವೈಟ್‌ಫೀಲ್ಡ್‌ನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಜೊತೆ ಸೇರಿ ಮನುಷ್ಯರ ಪ್ರೋಟೀನ್‌ಗಳ ದೊಡ್ಡ ಮಾಹಿತಿ ಸಂಗ್ರಹ ಹೊರತಂದಿತು. ಇದೇ ಊರಿನಲ್ಲಿ ಜೀವಶಾಸ್ತ್ರ ಓದಿದವರು ಕೂತು, ಪೇಪರ್ ಪೇಪರ್ ಓದಿ ಕೈಯಿಂದ ತುಂಬಿದ ಸಂಗ್ರಹ ಅದು. ಇವತ್ತು ಆ ಮೊದಲ ಓದನ್ನು ಚಾಟ್‌ಬಾಟ್ ವೇಗವಾಗಿ ಮಾಡಿಕೊಡುತ್ತದೆ. ಕರಡು ತೆಗೆಯಲು ಬಳಸಿ, ಸಂಕೋಚ ಬೇಡ. ಆದರೆ ಅದು ಇಲ್ಲದ ಪೇಪರನ್ನು, ತಪ್ಪು ಗುರುತಿನ ಸಂಖ್ಯೆಯನ್ನು ಅಷ್ಟೇ ಧೈರ್ಯದಿಂದ ಹೇಳಬಹುದು. ಇವತ್ತು ಒಂದು, ನಾಳೆ ಇನ್ನೊಂದು ಹೇಳಬಹುದು. ಯಾವ ವಾಕ್ಯದಿಂದ ಈ ತೀರ್ಮಾನ ಬಂತು ಎಂದು ಕೇಳಿದರೆ ಹೊಸ ಕಾರಣ ಕಟ್ಟಬಹುದು. ರೀಸನರ್ ತೋರಿಸುವ ಕಾರಣವನ್ನು ನೀವು ಒಂದೊಂದೇ ವಾಕ್ಯವಾಗಿ ಪರೀಕ್ಷಿಸಬಹುದು. ನನ್ನ ಅನುಭವದಲ್ಲಿ ಎರಡನ್ನೂ ಹೀಗೆ ಕೂಡಿಸಿದರೆ ಚೆನ್ನಾಗಿ ನಡೆಯುತ್ತದೆ: ಬಾಟ್ ಕರಡು ತೆಗೆಯಲಿ, ನೀವು ಪೇಪರ್ ತೆರೆದು ನೋಡಿ ಒಪ್ಪಿ, ರೀಸನರ್ ಹೊಂದಿಕೆ ಪರೀಕ್ಷಿಸಲಿ. ನಿಮ್ಮನ್ನು ಆ ನಡುವಿನಿಂದ ತೆಗೆದರೆ ಏನೂ ಉಳಿಯುವುದಿಲ್ಲ.

ಸಲಕರಣೆ ಯಾವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಔಲ್ ಪೂರ್ತಿ ಬಳಸಿದರೆ ಏನು ಬೇಕಾದರೂ ಹೇಳಬಹುದು ಎನಿಸುತ್ತದೆ, ಆದರೆ ರೀಸನರ್ ಗಂಟೆಗಟ್ಟಲೆ ಒದ್ದಾಡಬಹುದು. ಇಎಲ್ ಎಂಬ ಚಿಕ್ಕ ರೂಪದಲ್ಲಿ ‘ಇದು ಅದರ ಬಗೆ’, ‘ಇದು ಅದರ ಭಾಗ’ ಎಂಬಂಥವು ಸಿಗುತ್ತವೆ. ‘ಇಂಥದ್ದು ಮಾತ್ರ’, ‘ಸರಿಯಾಗಿ ಎರಡೇ’ ಎಂಬಂಥವು ಸಿಗುವುದಿಲ್ಲ. ಬದಲಿಗೆ ವೇಗ ಸಿಗುತ್ತದೆ. ಸ್ನೋಮೆಡ್ ಸಿಟಿಯ ಸುಮಾರು 3.5 ಲಕ್ಷ ಪರಿಕಲ್ಪನೆಗಳನ್ನು ಎಲ್ಕ್ ಎಂಬ ರೀಸನರ್ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಸೆಕೆಂಡುಗಳಲ್ಲಿ ವಿಂಗಡಿಸುತ್ತದೆ. ನಿಮ್ಮ ಅಂಗರಚನೆ, ರೋಗಗಳ ವರ್ಗ, ಜೀನ್‌ಗಳ ವರ್ಗ ಇದರಲ್ಲಿರಲಿ. ‘ಸಾಮಾನ್ಯವಾಗಿ ಹೀಗೆ, ಇಂಥದ್ದನ್ನು ಬಿಟ್ಟು’ ಎನ್ನುವ ನಿಯಮಗಳನ್ನು ಬೇರೆ ಕಡತದಲ್ಲಿ ಇಡಿ. ಅವುಗಳಿಗೆ ಆನ್ಸರ್ ಸೆಟ್ ಪ್ರೋಗ್ರಾಮಿಂಗ್ ಎಂಬ ಬೇರೆ ಬಗೆಯ ತರ್ಕ ಪದ್ಧತಿ ಹೊಂದುತ್ತದೆ, ಅಪವಾದಗಳನ್ನು ಅದು ಚೆನ್ನಾಗಿ ನಿಭಾಯಿಸುತ್ತದೆ. ಅಲ್ಲಿ ಹೊಸ ಮಾಹಿತಿ ಬಂದಾಗ ಹಳೆಯ ತೀರ್ಮಾನ ವಾಪಸ್ ಹೋಗುತ್ತದೆ ಎಂಬುದು ಮಾತ್ರ ನೆನಪಿರಲಿ. ನಿನ್ನೆಯ ಉತ್ತರವನ್ನು ರೈತರಿಗೆ ತಲುಪಿಸಿಬಿಟ್ಟಿದ್ದರೆ ಅದು ತೊಂದರೆ.

ಮುಂದುವರಿಸಬೇಕಾ ಎಂದು ಕೇಳಿದ್ದೀರಿ. ಮುಂದುವರಿಸಿ, ಆದರೆ ಹರವು ಕಡಿಮೆ ಮಾಡಿ. ನಿಮ್ಮ ಕಂಪನಿಗೆ ನಿಜವಾಗಿ ಬೇಕಾದ ಐದು ಪ್ರಶ್ನೆ ಬರೆದುಕೊಡಿ ಎಂದು ಮ್ಯಾನೇಜರ್‌ಗೆ ಕೇಳಿ. ಆ ಐದಕ್ಕೆ ಬೇಕಿಲ್ಲದ ಹೇಳಿಕೆಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಫ್ಲೋಯಂ ಬೇಕೇ ಎಂದು ಕೂಡ ಯೋಚಿಸಿ, ಬೆಂಕಿ ರೋಗದ ಪ್ರಶ್ನೆಗೆ ಬಹುಶಃ ಬೇಡ. ಆಂಟಾಲಜಿ ಬರೆಯುವ ಪ್ರೊಟೆಜೆ ತಂತ್ರಾಂಶದಲ್ಲಿ ‘ಜರಡಿ ನಾಳದ ಕೋಶ’ದ ಹತ್ತಿರ ಇರುವ ಪ್ರಶ್ನೆ ಚಿಹ್ನೆ ಒತ್ತಿ. ಯಾವ ಕೆಲವೇ ವಾಕ್ಯಗಳಿಂದ ಅದು ಕೆಂಪಾಯಿತು ಎಂದು ತೋರಿಸುತ್ತದೆ. ಅದನ್ನು ಸರಿಮಾಡಿ ಮತ್ತೆ ಓಡಿಸಿ. 400ರಲ್ಲಿ ಎಷ್ಟು ಉಳಿಯಿತು ಎಂದು ನನಗೆ ಬರೆಯಿರಿ.

ಇನ್ನೊಂದು ಕೆಲಸ ಮಾಡಿ. ‘ಪ್ರತಿ’ ಎಂದು ಶುರುವಾಗುವ ವಾಕ್ಯಗಳನ್ನೆಲ್ಲ ಒಂದು ಪಟ್ಟಿ ಮಾಡಿ, ಕನ್ನಡದಲ್ಲೇ ಪ್ರಿಂಟ್ ಹಾಕಿ, ಅಪ್ಪನವರ ಕೈಗೆ ಕೊಡಿ. ಮೂವತ್ತು ವರ್ಷ ಮಕ್ಕಳು ‘ಸರ್, ಆದ್ರೆ...’ ಎಂದು ಎದ್ದು ನಿಂತು ಕೇಳಿದ್ದನ್ನೆಲ್ಲ ಅವರು ನೋಡಿದ್ದಾರೆ. ಯಾವ ವಾಕ್ಯಕ್ಕೆ ಯಾವ ಅಪವಾದ ಇದೆ ಎಂದು ಪಕ್ಕದಲ್ಲಿ ಬರೆದುಕೊಡಲು ಹೇಳಿ. ಅಂಥ ಪರೀಕ್ಷಕರು ಎಷ್ಟು ಹಣ ಕೊಟ್ಟರೂ ನಿಮ್ಮ ಕಂಪನಿಗೆ ಸಿಗುವುದಿಲ್ಲ.